ನಕ್ಷೆಯಲ್ಲಿ ಮರೆತ ಎಮ್ಮೆಗಳು

ನೆಲ ನೋಡದೆ ನಕ್ಷೆ ಬರೆಯುವುದು ಬಹಳ ಸುಖದ ಕೆಲಸ. ಆ ಸುಖವನ್ನು ನಾನು ಒಮ್ಮೆ ಮನಸಾರೆ ಅನುಭವಿಸಿದ್ದೇನೆ. ತೆತ್ತ ದಂಡವನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಗ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರನೆಂದರೆ ಉಳಿದ ಮಾಸ್ತರರ ಲೆಕ್ಕದಲ್ಲಿ ಅರ್ಧ ಮಾಸ್ತರ. ಶಾಲೆಯ ವಾರ್ಷಿಕ ಗ್ಯಾದರಿಂಗ್ ಬಂದಾಗ ಮಾತ್ರ ನಾಟಕದ ಪರದೆಯ ಮೇಲೆ ಎರಡು ನವಿಲು ಬರೆಸಲು ಅವನನ್ನು ಹುಡುಕುತ್ತಾರೆ. ಇಂಥವನ ಮನೆಗೆ ಅರಳೆ ವ್ಯಾಪಾರದ ರುದ್ರಪ್ಪ ಸಾಹುಕಾರರು ತಾವಾಗಿಯೇ ಬಂದು, "ಮಾಸ್ತರ, ಮನಿ ಕಟ್ಟಾಕ ಒಂದು ಸಂಘ ಮಾಡೇವಿ, ಟಿಕೋಟಾ ರಸ್ತೆ ಕಡೆ ಅರವತ್ತು ಮನಿದು ಬಡಾವಣಿ ಮಾಡಾಕತ್ತೇವಿ. ನಕಾಶಿ ನೀವ ತೆಗೀಬೇಕು. ನಿಮಗೂ ಒಂದು ಪ್ಲಾಟು ಇಟ್ಟೇವಿ" ಎಂದರೆ ಅವನ ತಲೆ ನಿಂತಲ್ಲಿ ನಿಲ್ಲುವುದು ಹೇಗೆ?

ಎರಡನೆಯ ಮಹಾಯುದ್ಧ ಮುಗಿದಿತ್ತು, ಆದರೆ ಸಿಮೆಂಟಿಗೆ ಇನ್ನೂ ಪರವಾನಗಿ ಬೇಕಿತ್ತು. ಊರೊಳಗೆ ಬಾಡಿಗೆ ಮನೆ ಸಿಗುವುದು ದುರ್ಲಭ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಒಂದರಲ್ಲಿ ಒಲೆ ಹೊತ್ತಿಸಿದರೆ ಎರಡರಲ್ಲೂ ಕಣ್ಣೀರು. ಹೀಗಾಗಿ ಹೆಂಡತಿ ಸುಭದ್ರೆಗೂ ಪ್ಲಾಟಿನ ಸುದ್ದಿ ಹಿತವಾಯಿತು. ನಾನು ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಹದಿನೈದು ದಿನ ಕೂತು ನಕ್ಷೆ ಬರೆದೆ. ರಸ್ತೆಗಳೆಲ್ಲ ಹಗ್ಗ ಹಿಡಿದು ಎಳೆದಷ್ಟು ನೇರ. ಎರಡೂ ಬದಿಗೆ ಹಸಿರು ಮಸಿಯ ಗಿಡಗಳು. ನಡುವೆ ಒಂದಿಷ್ಟು ಜಾಗ ಉಳಿಯಿತು. ಅಲ್ಲೊಂದು ಕಾರಂಜಿ ಬರೆದೆ. ಬೇಸಿಗೆಯಲ್ಲಿ ನಮಗೆ ಕುಡಿಯುವ ನೀರಿಗೇ ಪಾಳಿ, ಆ ಮಾತು ಬೇರೆ. ಕಾರಂಜಿ ನೋಡಿ ಸಂಘದವರೆಲ್ಲ ಮರುಳಾದರು. ಅದರ ಎದುರಿನ ಪ್ಲಾಟು ತನಗೇ ಬೇಕೆಂದು ಇಬ್ಬರು ಜವಳಿ ಅಂಗಡಿಯವರು ಜಗಳಾಡಿ ಒಬ್ಬರಿಗೊಬ್ಬರು ಮಾತು ಬಿಟ್ಟರು. ನಕ್ಷೆಯ ಕೆಳಗೆ ಸಾಹುಕಾರರು ನಿಯಮಗಳನ್ನು ಬರೆಸಿದರು: ಬಡಾವಣೆಯಲ್ಲಿ ಅಂಗಡಿ ಇಡಬಾರದು, ಗಾಣ ಹಾಕಬಾರದು, ದನ ಕಟ್ಟಬಾರದು, ದನ ಹಾಯಬಾರದು. ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ.

ಒಂದು ಮುಂಜಾನೆ ಹಾಲಿನ ಗಂಗವ್ವ ಚರಿಗೆ ಕೆಳಗಿಟ್ಟು ನಮ್ಮ ಪಡಸಾಲೆಯಲ್ಲಿ ಕೂತಳು. ಹತ್ತು ಎಮ್ಮೆ ಸಾಕಿ ನಮ್ಮ ಓಣಿಗೆಲ್ಲ ಹಾಲು ಹಾಕುವ ವಿಧವೆ. ನಕ್ಷೆಯ ಒಂದು ಪ್ರತಿ ನನ್ನ ಮೇಜಿನ ಮೇಲೆ ಇತ್ತು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಬಿಡಿಸಿದಳು.

"ಮಾಸ್ತರ, ಇದರಾಗ ನನ್ನ ಎಮ್ಮಿ ಹಾದಿ ಎಲ್ಲೈತಿ, ತೋರಸ್ರಿ."

"ಅಲ್ಲೆ ಹಾದಿ ಎಲ್ಲಿ ಬಂತು ಗಂಗವ್ವ? ಬರೇ ಹೊಲ."

"ನೀವು ಹೋಗಿ ನೋಡೀರೇನು?"

ನಾನು ನಕ್ಷೆಯ ಅಂಚು ಸರಿಪಡಿಸಿದೆ. ಅವಳ ಬೆರಳು ಕಾರಂಜಿಯ ಮೇಲೆ ನಿಂತಿತು. "ಇದೇನ್ರಿ ಗುಂಡಗ?"

"ಕಾರಂಜಿ."

"ಇದಕ್ಕ ನೀರು ಎಲ್ಲಿಂದ ಬರತಾವ?"

"ಬರತಾವ, ಆಮ್ಯಾಲೆ."

"ನೀರಿಲ್ಲದ ಕಾರಂಜಿಗೆ ಜಾಗಾ ಐತಿ, ಹಾಲು ಕೊಡೋ ಎಮ್ಮಿಗೆ ಇಲ್ಲೇನ ಯಪ್ಪಾ? ಒಂದು ಕಡೆ ಕಲ್ಲಿನ ಖಣಿ, ಒಂದು ಕಡೆ ಹಳೇ ಗುಮ್ಮಟ. ಮೇಯಿಸಾಕ ಹೋಗಬೇಕಂದ್ರ ನಡುವ ಇರೋದು ಅದೊಂದ ಹಾದಿ. ಅದನ್ನ ಮುಚ್ಚಿದ್ರ ಎಮ್ಮಿ ಮಾರಿ ಬಬಲೇಶ್ವರಕ್ಕ ಮಗಳ ಮನಿಗೆ ಹೋಗಿ ಕುಂದರತೇನಿ." ನಕ್ಷೆಯನ್ನು ಮಡಿಕೆ ಬೀಳದಂತೆ ಸುತ್ತಿ ನನ್ನ ಕೈಗಿಟ್ಟು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಎರಡು ಎಮ್ಮೆ ಮಾರಾಟಕ್ಕೆ ಮಾತಾಗಿವೆಯಂತೆ. ಹಾಲು ಕಡಿಮೆಯಾಯಿತು, ನಮ್ಮ ಪಾಲಿಗೆ ಪೂರ್ತಿ ನಿಂತಿತು. ಸುಭದ್ರೆ ಕರಿ ಚಹಾ ತಂದಿಟ್ಟಳು. ನಾನು ಮುಖ ಕಿವುಚಿದ್ದನ್ನು ನೋಡಿ, "ನಿಮ್ಮ ಕಾರಂಜಿಗೆ ಹೋಗಿ ಒಂದು ವಾಟಗ ಹಾಲು ತುಂಬಿಸಿಕೊಂಡು ಬರ್ರಿ" ಎಂದಳು. ಹೊಸ ಮನೆಯ ಆಸೆ ನನಗಿಂತ ಅವಳಿಗೇ ಹೆಚ್ಚು. ಆದರೂ ಗಂಗವ್ವನ ಪಕ್ಷ ಬಿಡಲಿಲ್ಲ.

ಗಂಗವ್ವ ತಕರಾರು ಅರ್ಜಿ ಕೊಟ್ಟಿದ್ದಳು. ಕಂದಾಯದ ಪ್ರಾಂತಸಾಹೇಬರು ಸ್ಥಳ ನೋಡಲು ಬರುವ ದಿನ ಗೊತ್ತಾಯಿತು. ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬ್ರು ಕೇಳಿದ್ರ, ಅಲ್ಲೆ ಹಾದಿ ಇಲ್ಲಂತ ಒಂದು ಮಾತು ಹೇಳಿಬಿಡ್ರಿ. ನಕಾಶಿ ಮಾಡಿದವ್ರ ಮಾತಿಗೆ ತೂಕ ಇರತೈತಿ" ಎಂದರು. ತೂಕದ ಮಾತು ಕೇಳಿ ನನಗೆ ಹಿಗ್ಗಾಯಿತು. ಆದರೂ ಸುಳ್ಳು ಹೇಳುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಆ ದಿನ ಎಲ್ಲರಿಗಿಂತ ಮುಂಚೆ ಒಬ್ಬನೇ ಹೊರಟೆ. ಊರ ಅಗಸಿ ಬಾಗಿಲು ದಾಟಿದೊಡನೆ ಗಂಗವ್ವ ಎಮ್ಮೆ ಹೊಡೆದುಕೊಂಡು ಹೊರಟಿದ್ದು ಕಂಡಿತು. ಬೆನ್ನು ಹತ್ತಿದೆ.

ಹಾದಿ ಇತ್ತು. ಎಷ್ಟು ತಲೆಮಾರಿನ ಗೊರಸುಗಳು ತುಳಿದಿದ್ದವೋ, ನೆಲ ಮೊಳಕಾಲುದ್ದ ತಗ್ಗಾಗಿತ್ತು. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಅಂಟಾಗಿತ್ತು. ನಾನು ಕಾಲಿಟ್ಟೆ, ಕಾಲು ಬಂತು, ಚಪ್ಪಲಿ ಬರಲಿಲ್ಲ. ಇನ್ನೊಂದರದೂ ಅದೇ ಗತಿ. ಕಾರಂಜಿಯ ಜಾಗ ಹುಡುಕಿದರೆ ಅಲ್ಲಿ ಖಣಿಯ ಬಾಯಿ. ಹೆಜ್ಜೆಯಿಂದ ಅಳೆಯುತ್ತ ಹೋದಂತೆ ಇನ್ನೊಂದು ಸಂಗತಿ ಹೊಳೆಯಿತು. ಹಾದಿ ನೇರ ಹದಿನೇಳನೇ ಪ್ಲಾಟಿನ ನಡುವೆ ಹಾದುಹೋಗಿತ್ತು. ಹದಿನೇಳು ನನ್ನದು.

"ಇಲ್ಲೇನ್ರಿ ನಿಮ್ಮ ಮನಿ?" ಎಂದಳು ಗಂಗವ್ವ.

"ಇಲ್ಲೆ ಅಡಗಿಮನಿ" ಎಂದೆ. ಅಡುಗೆಮನೆಯಲ್ಲಿ ನಿಂತಿದ್ದ ಎಮ್ಮೆಯನ್ನು ಅವಳು ಕೋಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಸಾಹೇಬರು ಬಂದರು. ಸಂಘದವರೆಲ್ಲ ರುಮಾಲು ಸುತ್ತಿ ನಿಂತಿದ್ದರು. ಸಾಹೇಬರು ನಕ್ಷೆ ಹೊಗಳಿದರು, ನಾನು ಉಬ್ಬಿದೆ. ಬಳಿಕ, "ಮಾಸ್ತರ, ಇಲ್ಲಿ ದನದ ಹಾದಿ ಇದೆಯೋ, ಇಲ್ಲವೋ?" ಎಂದು ಕೇಳಿದರು. ಸಾಹುಕಾರರು ಕೆಮ್ಮಿದರು. ನನ್ನ ಅಡುಗೆಮನೆ, ಸುಭದ್ರೆಯ ಹೊಗೆಯಿಲ್ಲದ ಒಲೆ, ಎಲ್ಲ ನಾಲಗೆಯ ತುದಿಗೆ ಬಂದು ಕೂತವು. "ಇ..." ಎಂದು ಶುರು ಮಾಡಿದೆ. ಅದು "ಇದೆ" ಎಂದಾಗುತ್ತಿತ್ತೋ "ಇಲ್ಲ" ಎಂದಾಗುತ್ತಿತ್ತೋ, ದೇವರಾಣೆ ಇಂದಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಸಾಹೇಬರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. "ನಿಮ್ಮ ಚಪ್ಪಲಿ ಎಲ್ಲಿ?"

"ಹಾದಿಯೊಳಗ ಉಳದಾವ್ರಿ" ಎಂದುಬಿಟ್ಟೆ.

ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹುಕಾರರು ಮುಂದೆ ಆರು ತಿಂಗಳು ನನ್ನ ನಮಸ್ಕಾರಕ್ಕೆ ಕೈಯೆತ್ತಲಿಲ್ಲ. ಹಾದಿ ಉಳಿಯಬೇಕೆಂದು ತೀರ್ಮಾನವಾಯಿತು. ಹೊಸ ನಕ್ಷೆಯನ್ನು ನಾನೇ, ನಡೆದು ಅಳೆದು, ಬರೆದೆ. ಮನೆಗೆ ಬಂದು ಹದಿನೇಳು ಹೋಯಿತೆಂದು ಹೇಳಿದಾಗ ಸುಭದ್ರೆ ಹಸನು ಮಾಡುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟಳು. "ಹೋಗಲಿ ಬಿಡ್ರಿ" ಎಂದು ಎದ್ದುಹೋಗಿ ಒಲೆ ಊದಿದಳು. ಕಣ್ಣೊರೆಸಿಕೊಂಡದ್ದು ಹೊಗೆಗೆಂದು ನಾನೂ ನಂಬಿದೆ. ಮರುದಿನ ಗಂಗವ್ವ ತಾನಾಗಿಯೇ ಹಾಲು ಹಾಕಿದಳು, ಅಳತೆಗಿಂತ ತುಸು ಹೆಚ್ಚೇ.

ಕೊನೆಗೆ ಸಂಘದವರು ಮನಸ್ಸು ಕರಗಿ, ಯಾರಿಗೂ ಬೇಡವಾದ ಒಂದು ಮೂಲೆ ತುಂಡನ್ನು ನನಗೆ ಕೊಟ್ಟರು. ತ್ರಿಕೋನಾಕಾರದ್ದು, ಚೂಪು ತುದಿ ಎಮ್ಮೆ ಹಾದಿಗೆ ತಾಗಿದೆ. ಪರವಾನಗಿಯ ಸಿಮೆಂಟು ಸಿಕ್ಕಷ್ಟರಲ್ಲಿ ಮನೆ ಕಟ್ಟಿದೆ. ಯಾವ ಮಂಚವೂ ಯಾವ ಗೋಡೆಗೂ ಹೊಂದುವುದಿಲ್ಲ, ಆದರೆ ಒಲೆಯ ಹೊಗೆ ಹೊರಗೆ ಹೋಗುತ್ತದೆ. ದಿನಾ ಸಂಜೆ ಎಮ್ಮೆಗಳು ಮರಳುವಾಗ ಆ ಚೂಪು ಮೂಲೆಗೆ ಒಂದೊಂದಾಗಿ ಮೈ ತಿಕ್ಕುತ್ತವೆ. ಮೂರು ಸಲ ಗೋಡೆಗೆ ಗಿಲಾವು ಮೆತ್ತಿಸಿದೆ, ಮೂರು ಸಲವೂ ಉದುರಿತು. ತಾಳ್ಮೆ ತಪ್ಪಿ, ಈ ಹಾದಿಯಲ್ಲಿ ದನ ಹಾಯುವುದನ್ನು ಕೂಡಲೇ ನಿಲ್ಲಿಸಬೇಕೆಂದು ಸಂಘದ ಕಾರ್ಯದರ್ಶಿಯವರಿಗೆ ಖಾರವಾಗಿ ಒಂದು ಅರ್ಜಿ ಬರೆದೆ. ಆ ವರ್ಷ ಕಾರ್ಯದರ್ಶಿ ನಾನೇ ಆಗಿದ್ದೆ. ಕನ್ನಡಕ ಏರಿಸಿ ಅರ್ಜಿಯನ್ನು ಎರಡು ಸಲ ಓದಿದೆ. ಅರ್ಜಿದಾರ ಸ್ಥಳ ನೋಡದೆ ಬರೆದವನಂತೆ ಕಂಡಿದ್ದರಿಂದ ತಳ್ಳಿಹಾಕಿದೆ.