ಟೈಲರ್ ಮನೆಯ ಹರಿದ ಫ್ರಾಕು

ಇಷ್ಟಕ್ಕೆಲ್ಲ ಕಾರಣ ಒಂದು ಹರಿದ ಫ್ರಾಕು.

ಹರಿದ ಫ್ರಾಕು ಯಾರ ಮನೆಯಲ್ಲಿಲ್ಲ? ಆದರೆ ಇದು ಟೈಲರ್ ಮನೆಯ ಹುಡುಗಿಯ ಮೈಮೇಲಿತ್ತು. ಅದೂ ಅವನು ಹೆತ್ತ ಮಗಳಲ್ಲ, ಮಕ್ಕಳ ಕಚೇರಿಯವರು ನಂಬಿ ಸಾಕಲು ಕೊಟ್ಟ ಮಗು. ಬೀದಿಯ ಬಾಯಿಗೆ ಇನ್ನೇನು ಬೇಕು? ಹೊಡೀತಾರೆ, ಊಟ ಹಾಕಲ್ಲ ಎಂದು ಯಾರೋ ಪುಣ್ಯಾತ್ಮರು ದೂರು ಕೊಟ್ಟೇಬಿಟ್ಟರು.

ಕಚೇರಿಯ ಮೇಡಂ ವಿಚಾರಣೆಗೆ ಬರುವ ದಿನ ಟೈಲರನಿಗೆ ಆಸರೆಯಾಗಿ ಬೆಳಗ್ಗೆಯೇ ಬಂದವಳು ಜೊತೆಯಕ್ಕ. ಇಂಥ ದೂರು ಬಿದ್ದ ಸಾಕುತಂದೆತಾಯಿಯರ ಪಕ್ಕದಲ್ಲಿ ಹೋಗಿ ಕೂರುವುದೇ ಅವಳ ಕೆಲಸ. ತಾನೂ ಮಕ್ಕಳನ್ನು ಸಾಕಿ, ದೂರು ತಿಂದು, ಅರಗಿಸಿಕೊಂಡವಳು.

"ನೋಡಪ್ಪಾ, ಕೇಳಿದ್ದಕ್ಕಷ್ಟೇ ಉತ್ತರ. ಅಳಬಾರದು, ರೇಗಬಾರದು. ಮುಖ್ಯವಾಗಿ, ಅಕ್ಕಪಕ್ಕದವರು ಸಹಾಯಕ್ಕೆ ಬರದ ಹಾಗೆ ನೋಡ್ಕೋ."

ಕೊನೆಯದು ಆಗುವ ಮಾತಾಗಿರಲಿಲ್ಲ. ಮೇಡಂ ಬಂದು ಕೂರುವಷ್ಟರಲ್ಲಿ ಡಬ್ಬಿಗೆ ಗುಂಡಿ ತುಂಬಿದ ಹಾಗೆ ಇಡೀ ಬೀದಿ ಮನೆ ಮುಂಭಾಗದ ಹೊಲಿಗೆ ಅಂಗಡಿಯೊಳಗೆ ತುಂಬಿಕೊಂಡಿತ್ತು.

"ಹೊಡೀತಾರೆ ಅನ್ನೋದು ಶುದ್ಧ ಸುಳ್ಳು ಮೇಡಂ," ಹಾಲಿನಮ್ಮ ಶುರುಮಾಡಿದಳು. "ದಿನಾ ಹಾಲು ಹಾಕ್ತೀನಲ್ಲ, ಹೊಡೆದ ಸದ್ದೇ ಇಲ್ಲ. ಬರೀ ಮಗು ಕಿರುಚೋದು ಕೇಳ್ಸುತ್ತೆ."

"ಅದು ತಲೆ ಬಾಚೋವಾಗ!" ಟೈಲರನ ಹೆಂಡತಿ ಸಾಕ್ಷಿಗೆಂದು ಬಾಚಣಿಗೆ ಎತ್ತಿದಳು. ಅದರ ಅರ್ಧ ಹಲ್ಲು ಮುರಿದಿತ್ತು.

"ಊಟಕ್ಕೂ ಕೊರತೆಯಿಲ್ಲ," ಎಂದರು ಪಕ್ಕದ ಮನೆಯ ಮೇಷ್ಟ್ರು. "ದಿನಾ ನಮ್ಮನೇಲಿ ತಿಂತಾಳಲ್ಲ!"

ಜೊತೆಯಕ್ಕ ಹಣೆ ಚಚ್ಚಿಕೊಂಡಳು.

ಮೇಡಂ ಹುಡುಗಿಯನ್ನು ಅಳತೆ ನೋಡುವ ಮೂಲೆಯ ಪರದೆ ಹಿಂದೆ ಕರೆದೊಯ್ದರು. ಪರದೆ ಕಣ್ಣಿಗೆ ಮರೆಯಾಯಿತು, ಕಿವಿಗಲ್ಲ.

"ಟೈಲರ್ ಮಾಮ ನಿಂಗೆ ಏನ್ಮಾಡ್ತಾರೆ ಪುಟ್ಟಿ?"

"ಸ್ಟೂಲ್ ಮೇಲೆ ನಿಲ್ಲಿಸ್ತಾರೆ. ಕೈ ಅಗಲ ಮಾಡಿ ನಿಂತ್ಕೋಬೇಕು. ಅಲ್ಲಾಡಿದ್ರೆ ಪಿನ್ ಚುಚ್ಚುತ್ತೆ."

ಟೈಲರ್ ಓಡಿಹೋಗಿ, ತಾನು ಮಗುವಿಗೆಂದೇ ಹೊಲಿದ ಫ್ರಾಕುಗಳನ್ನು ಬಾಚಿ ತಂದು ಸುರಿದ. ಹಳದಿ, ನೀಲಿ, ಹೂವಿನದು, ಲೇಸಿನದು. "ಇವನ್ನ ಹೊಲಿಯಕ್ಕೆ ಅಳತೆ ನೋಡಿದ್ದು ಮೇಡಂ!"

"ಮನೆ ತುಂಬ ಹೊಸ ಬಟ್ಟೆ, ಮಗು ಮೈಮೇಲೆ ಚಿಂದಿ," ಎಂದರು ಹುಡುಗಿಯ ಕೈಹಿಡಿದು ಪರದೆಯಿಂದ ಹೊರಬಂದ ಮೇಡಂ. "ಪುಟ್ಟಿ, ಯಾಕೆ ಹಾಕ್ಕೊಳಲ್ಲ?"

ಹುಡುಗಿ ಹಳೇ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು.

"ಒಂದೋ ನೀವು ಕೊಡ್ತಿಲ್ಲ, ಇಲ್ಲ ಮಗು ನಿಮಗೆ ಹೆದರಿದೆ. ಬೇರೆ ಕಾರಣ ಇದ್ರೆ ಹೇಳಿ. ಇಲ್ದಿದ್ರೆ ಇವಳನ್ನ ಈಗಲೇ ಕರ್ಕೊಂಡು ಹೋಗ್ತೀನಿ."

ಟೈಲರ್ ಹುಡುಗಿಯ ಮುಷ್ಟಿ ನೋಡಿದ. ತನ್ನ ಕತ್ತರಿಗೆ ಎದುರಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡೇ ತಲೆ ನರೆತವನು. ಆ ಗಿರಾಕಿಗಳೆಲ್ಲ ಎದುರಿಗೇ ನಿಂತಿದ್ದರು.

"ನನಗೆ... ಸರಿಯಾಗಿ ಹೊಲಿಯಕ್ಕೆ ಬರಲ್ಲ ಮೇಡಂ. ಕಂಕುಳಲ್ಲಿ ಬಿಗಿ, ಕುತ್ತಿಗೇಲಿ ಚುಚ್ಚುತ್ತೆ. ಅದಕ್ಕೇ ಹಾಕ್ಕೊಳಲ್ಲ. ಮಗೂದೇನೂ ತಪ್ಪಿಲ್ಲ, ನನ್ನ ಕತ್ತರೀದೇ ತಪ್ಪು."

ಹಾಲಿನಮ್ಮ ಕೈಯೆತ್ತಿ ಕಂಕುಳು ಮುಟ್ಟಿ ನೋಡಿಕೊಂಡಳು. "ಅಯ್ಯೋ ನಿನ್ನ! ನಾನೇ ದಪ್ಪ ಆಗಿದೀನಿ ಅಂತ ರಾತ್ರಿ ಊಟ ಬಿಟ್ಟಿದ್ನಲ್ಲೋ!"

ಮೇಷ್ಟ್ರು ಬಗ್ಗಿ ಪ್ಯಾಂಟು ನೋಡಿದರು. "ಕಾಲೇ ಒಂದು ಉದ್ದ ಅಂತ ಡಾಕ್ಟರ್ ಹತ್ರ ಹೋಗಿದ್ನಲ್ಲಯ್ಯಾ!"

ಮೇಡಂ ಮೊದಲ ಸಲ ನಕ್ಕರು. "ಕೆಟ್ಟ ಟೈಲರ್ ಅನ್ನೋದು ನಮ್ಮ ಕಚೇರಿಗೆ ಸೇರಿದ್ದಲ್ಲ. ಮಗು ಇಲ್ಲೇ ಇರಲಿ. ಬಟ್ಟೆ ಮಾತ್ರ ಬೇರೆ ಯಾರ ಹತ್ರಾನಾದ್ರೂ ಹೊಲಿಸಿ."

ಮೇಡಂ ಹೊರಟರು. ಬೀದಿಯವರು ಗೊಣಗುತ್ತ ತಂತಮ್ಮ ಮನೆಗೆ ಹೋದರು. ಹುಡುಗಿ ಬಾಗಿಲ ಸಂದಿಯಿಂದ ಇಣುಕಿ ನೋಡಿ ಬಂದಳು.

"ಆಂಟಿ ಹೋದ್ರಾ? ನನ್ನ ಕರ್ಕೊಂಡು ಹೋಗಲ್ವಾ?"

"ಕರ್ಕೊಂಡು ಹೋಗಲ್ಲ ಕಣೇ ತಾಯಿ," ಎಂದ ಟೈಲರ್.

"ಹಾಗಾದ್ರೆ ಆ ಹಳದೀದು ಕೊಡಿ."

ಹಾಕಿದರೆ ಎರಕ ಹೊಯ್ದ ಹಾಗೆ ಕೂತಿತು.

"ಚುಚ್ಚಲ್ವೇನೇ?" ಟೈಲರ್ ಬಾಯಿಬಿಟ್ಟುಕೊಂಡು ಕೇಳಿದ.

"ಎಲ್ಲೂ ಇಲ್ಲ. ಹೊಸ ಫ್ರಾಕ್ ಹಾಕಿದ ದಿನಾನೇ ತಾನೇ ಬೇರೆ ಮನೆಗೆ ಕಳ್ಸೋದು? ಮುಂಚೆ ಇದ್ದ ಎಲ್ಲಾ ಮನೇಲೂ ಹಾಗೇ ಕಳ್ಸಿದ್ರು."

ಟೈಲರ್ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತ, ತನ್ನ ಕತ್ತರಿಯದು ತಪ್ಪಿಲ್ಲವೆಂದು ಬೀದಿಗೆಲ್ಲ ಸಾರಲು ಬಾಗಿಲಿಗೆ ನುಗ್ಗಿದ. ಹೆಂಡತಿ ಅಂಗಿ ಹಿಡಿದೆಳೆದಳು.

"ಸುಮ್ನಿರ್ರೀ! ಮೇಡಂಗೆ ಸುಳ್ಳು ಹೇಳಿದ್ರಿ ಅಂತ ಇನ್ನೊಂದು ದೂರು ಬೀಳುತ್ತೆ."

ಬಾಗಿಲಾಚೆ ಆಗಲೇ ಸಾಲು ನಿಂತಿತ್ತು. ಹಾಲಿನಮ್ಮನ ಕೈಯಲ್ಲಿ ರವಿಕೆಗಳ ಗಂಟು, ಅವಳ ಹಿಂದೆ ಲುಂಗಿ ಉಟ್ಟು ಪ್ಯಾಂಟು ಹಿಡಿದ ಮೇಷ್ಟ್ರು, ಅವರ ಹಿಂದೆ ಇಡೀ ಬೀದಿ.

ಟೈಲರ್ ಮಗುವನ್ನು ಇಳಿಸಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡ.

"ಕೊಡಿ ಮೇಷ್ಟ್ರೇ. ಯಾವ ಕಾಲು ಉದ್ದ ಅಂದ್ರಿ?"