ನಮ್ಮ ಮನಿ ಬಂದೂಕಿಗೊಂದು ಮಕ್ಕಿ

ಕೆಲವರ ಮನ್ಯಾಗ ಹಾವು ಹೊಕ್ಕತದ, ಕೆಲವರ ಮನಿಗಿ ಬೀಗರು ಬಂದು ತಿಂಗಳಗಟ್ಟಲೆ ಕೂಡ್ತಾರ. ನಮ್ಮ ಮನ್ಯಾಗ ಬಂದೂಕ ಅದ. ಹಾವಾಗಲಿ ಬೀಗರಾಗಲಿ ಒಂದಲ್ಲ ಒಂದಿನ ಹೋಗ್ತಾರ. ಇದು ಹೋಗಂಗಿಲ್ಲ. ವರ್ಷಾ ವರ್ಷಾ ಹೊಸಾದೊಂದು ಫಜೀತಿ ಹುಟ್ಟಿಸಿ ಮತ್ತ ಮೂಲ್ಯಾಗ ಹೋಗಿ ನಿಂದರ್ತದ. ಈ ವರ್ಷದ್ದು ಹೇಳ್ತೀನಿ, ಕೇಳ್ರಿ.

ಹುಣಸಿಗಿಡ

ನಮ್ಮೂರು ಚಿಂಚೋಳಿ ಕಡಿ, ಗುಡ್ಡದ ಬುಡಕ. ಬಂದೂಕ ನಮ್ಮ ಮಾವನವರದು. ಅವರು ತೀರಿಹೋದ ಮ್ಯಾಲ ಲೈಸೆನ್ಸು ನಮ್ಮ ಮನಿಯವರ ಹೆಸರಿಗಿ ಆತು. ಬಾಯಾಗ ಮದ್ದು ಸುರುವಿ, ಗಜ ಹಾಕಿ ಕುಟ್ಟಿ ಹಾರ್ಸೋ ಹಳೇ ನಮೂನಿ. ನಳಿಗಿ ತುದಿಗಿ ಜ್ವಾಳದ ಕಾಳಿನಷ್ಟು ಒಂದು ಮಣಿ ಇರ್ತದ. ಅದರ ಮ್ಯಾಲ ಕಣ್ಣಿಟ್ಟು ಗುರಿ ಹಿಡೀಬೇಕು. ಅದಕ್ಕ ಮಕ್ಕಿ ಅಂತಾರ.

ಗುಡ್ಡದ ಕಡಿ ಹೊಲಕ್ಕ ಈ ಸಲ ಶೇಂಗಾ ಹಾಕಿದಾಕಿ ನಾನು. ಇವರು ತೊಗರಿ ಅಂದ್ರು, ನಾ ಶೇಂಗಾ ಅಂದೆ. "ಹಂದಿ ಬಿಡಂಗಿಲ್ಲ, ನೋಡ್ಕೋ" ಅಂದ್ರು. "ನೋಡ್ಕೋತೀನಿ" ಅಂದೆ. ಹಂದಿ ತಿಂದ್ರ ಹೋಗ್ಲಿ, ಹೊಟ್ಟಿ ಅವಕ್ಕೂ ಅದ. ಆದ್ರ ಆಮ್ಯಾಲ "ನಾ ಮೊದಲೇ ಹೇಳಿದ್ದಿಲ್ಲೇನು" ಅನ್ನೋ ಮಾತು ಸಾಯೋತನಕ ರೊಟ್ಟಿ ಜೋಡಿ ನುಂಗಬೇಕಲ್ಲ, ಅದು ನನ್ನ ಕಡಿಂದ ಆಗಂಗಿಲ್ಲ.

ಶೇಂಗಾ ಕಾಯಿ ಕಟ್ಟಲಿಕತ್ತಿತ್ತು, ಬದುವಿನ ಮ್ಯಾಲ ಹಂದಿ ಹೆಜ್ಜಿ ಕಂಡ್ವು. ಇವರು ಬಂದೂಕ ತಗದು ಒರಸಿ ನೋಡಿದ್ರ ಮಕ್ಕೀನೇ ಇಲ್ಲ. ಮನಿ ತುಂಬ ಪಂಚನಾಮಿ ನಡೀತು. ಕಡಿಗಿ ನಮ್ಮತ್ತಿ ಎಲಿ ಅಡಿಕಿ ಮೆಲ್ಲಕೋತ ಅಂದ್ರು, "ಬ್ಯಾಸಗ್ಯಾಗ ಹುಣಸಿಕಾಯಿ ಬಡೀಲಿಕ್ಕ ಒಯ್ದಿದ್ದೆ. ಟೊಂಗ್ಯಾಗ ಸಿಕ್ಕೊಂಡಿತ್ತು, ಜಗ್ಗಿದೆ."

"ಯವ್ವಾ, ಅದು ಬಂದೂಕಬೇ" ಅಂತ ಇವರು ತಲಿ ಹಿಡಕೊಂಡ್ರು.

"ಗೊತ್ತದ. ನನ್ನ ಕೈಯಾಗ ಅದರಿಂದ ಹುಣಸಿಕಾಯಿ ಆದ್ರೂ ಬಿದ್ದಾವ. ನಿನ್ನ ಕೈಯಾಗ ಏನ್ ಬಿದ್ದದ ಹೇಳು."

ಸೇಡಂನ ಉಸ್ತಾದ

ಸೇಡಂನಾಗ ಬಂದೂಕ ರಿಪೇರಿ ಮಾಡೋ ಒಬ್ಬ ಉಸ್ತಾದ ಇದ್ದಾನ. ಬಂದೂಕ ಬಟ್ಟ್ಯಾಗ ಸುತ್ಕೊಂಡು ಇಬ್ರೂ ಹೋದ್ವಿ. ಅವ ಒಂದು ಡಬ್ಬಿ ತಗದು ಮಕ್ಕಿ ಮುಂದ ಸುರುವಿದ. ಹಿತ್ತಾಳಿದು, ಕಬ್ಬಣದ್ದು, ಬೆಳ್ಳಂದು, ಸಣ್ಣದು, ದಪ್ಪಂದು.

ನಾ ಒಂದು ಸೀರಿ ಆರಿಸಲಿಕ್ಕ ಜರಾ ತಡಾ ಮಾಡಿದ್ರ ಅಂಗಡಿ ಹೊರಗ ನಿಂತು ಕೆಮ್ಮೋ ಮನಿಶ್ಯಾ, ಜ್ವಾಳದ ಕಾಳಿನಷ್ಟು ಮಕ್ಕಿ ಆರಿಸಲಿಕ್ಕ ಅರ್ಧಾ ದಿನ ಕುಂತ್ರು. ಒಂದೊಂದು ಹಿಡದು ಒಂದು ಕಣ್ಣು ಮುಚ್ಚಿ ನೋಡೋದು, ಬಿಸಲಿಗಿ ಹಿಡದು ನೋಡೋದು, ಹಿತ್ತಾಳಿದು ಹೊಳೀತದ ಅನ್ನೋದು, ಕಬ್ಬಣದ್ದು ಕಾಣಸಂಗಿಲ್ಲ ಅನ್ನೋದು. ನನ್ನ ಸಿಟ್ಟು ನೆತ್ತಿಗೇರಿತ್ತು.

ಉಸ್ತಾದ ಚಾ ತರ್ಸಿಕೊಟ್ಟು ನನ್ನ ಕಡಿ ತಿರಗಿ ಕೇಳಿದ, "ಅಕ್ಕಾ, ನಿಮಗ ನೋಡ್ಲಿಕ್ಕ ಬಂದಾಗೂ ಸಾಹೇಬರು ಇಷ್ಟೇ ತಡಾ ಮಾಡಿದ್ರೇನ್ರಿ?"

"ಇಲ್ಲಪ್ಪಾ. ಆವಾಗ ಚಾ ಕುಡದು ಎದ್ದು ಹೂಂ ಅಂದ್ರು."

"ಅದಕ್ಕೇ ಈಗ ಹುಷಾರ ಆಗ್ಯಾರ" ಅಂದ ಉಸ್ತಾದ. ಇವರು "ವಿಚಾರ ಮಾಡಿ ಬರ್ತೀನಿ" ಅಂತ ಎದ್ದ್ರು. ಮಕ್ಕಿ ಇಲ್ಲದ ಬಂದೂಕ ಹೊತ್ಕೊಂಡೇ ಬಸ್ಸು ಹತ್ತಿದ್ವಿ.

ವಾಡಿಯಿಂದ ಬಂದ ದುರ್ಬೀನು

ನಮ್ಮ ಮೈದುನ ವಾಡ್ಯಾಗ ಸಿಮೆಂಟ ಫ್ಯಾಕ್ಟರಿಗಿ ಹೋಗ್ತಾನ. ಮೊಬೈಲ್ ನೋಡಿ ನೋಡಿ ಎಲ್ಲಾ ತಿಳಕೊಂಡಾನ. "ವೈನಿ, ಮಕ್ಕಿ ಜಮಾನಾ ಮುಗೀತು. ಈಗ ದುರ್ಬೀನಿಂದೇ ನಡದದ" ಅಂತ ಒಂದು ದುರ್ಬೀನು ಹಿಡಕೊಂಡೇ ಬಂದ. ಅಜ್ಜನ ಕಾಲದ ಬಂದೂಕಿಗಿ ಅದು ಎಲ್ಲಿ ಕೂಡಬೇಕು? ಸೈಕಲ್ ಟ್ಯೂಬ್ ಕತ್ತರಿಸಿ ಬಿಗದು ಕಟ್ಟಿದ. ಗೂನುಬೆನ್ನಿಗಿ ಮೂಟಿ ಹೊರಸಿದಂಗ ಕಾಣ್ತಿತ್ತು.

ಇವರು ಅದಕ್ಕ ಕಣ್ಣು ಹಚ್ಚಿದ್ರು. "ಏನ್ ಕಾಣ್ತದೋ ತಮ್ಮಾ, ಗುಡ್ಡದ ಮ್ಯಾಲಿನ ಆಡಿನ ಗಡ್ಡ ಕಾಣ್ತದ" ಅಂದ್ರು. ಮದ್ದು ಒಂದು ಚಿಟಿಕಿ ಜಾಸ್ತಿ ಬಿದ್ದಿತ್ತು. ಢಂ ಅಂತು. ಬಂದೂಕ ಹಿಂದ ಒದ್ದು ದುರ್ಬೀನು ಹುಬ್ಬಿಗಿ ಬಡೀತು. ಹುಬ್ಬು ಹರದು ಬಾತುಕೊಂಡಿತು.

ದವಾಖಾನ್ಯಾಗ ಖರೇ ಹೇಳಲಿಕ್ಕ ಇವರಿಗಿ ಮರ್ಯಾದಿ ಅಡ್ಡ ಬಂತು. "ಹಂದಿ ಹಾಯ್ತು" ಅಂದ್ರು. ಊರಾಗ ಸುದ್ದಿ ಹಬ್ಬಿತು. ಮಂದಿ ಬಂದು ಕೈ ಮುಗದು ಮಾತಾಡ್ಸಿ ಹೋದ್ರು, ಎಲ್ಲಾರಿಗೂ ಚಾ ಮಾಡಿದಾಕಿ ನಾನು. ಮರುದಿನ ಫಾರೆಸ್ಟ್ ಗಾರ್ಡ ಬಂದ. "ಹಂದಿ ಎಲ್ಲಿ ಹಾಯ್ತು, ಜಗಾ ತೋರಸ್ರಿ" ಅಂದ. ಇವರು ಅವನಿಗಿ ಹೊಲಾ ಪೂರಾ ತಿರಗಿಸಿದ್ರು. ತಿರಗಿ ತಿರಗಿ ಅವನ ಮಾರಿ ಸಣ್ಣದಾತು.

ನನಗ ಕನಿಕರ ಬಂತು. "ಹೊಲದಾಗ ಹುಡುಕಬ್ಯಾಡ್ರಿ. ಆ ಹಂದಿ ನಮ್ಮ ಮನ್ಯಾಗೇ ಮೂಲ್ಯಾಗ ನಿಂತದ, ಬರ್ರಿ ತೋರಸ್ತೀನಿ" ಅಂದೆ.

ಆಕಾಶ

ಗಾರ್ಡ ಬಂದೂಕ ನೋಡಿದ, ಹುಬ್ಬು ನೋಡಿದ, ನಗು ತಡಕೊಂಡ. ಆಮ್ಯಾಲ ಕಟ್ಟುನಿಟ್ಟು ಹೇಳಿದ, "ಪ್ರಾಣಿ ಮ್ಯಾಲ ಹಾರ್ಸಬ್ಯಾಡ್ರಿ. ಮ್ಯಾಲ ಆಕಾಶದ ಕಡಿ ಒಂದು ಹಾರ್ಸ್ರಿ, ಸಪ್ಪಳಕ್ಕೇ ಓಡ್ತಾವ."

"ಮೊದಲಿಂದ ಹಂಗೇ ಮಾಡ್ತೀವ್ರಿ. ನಮ್ಮಪ್ಪನೂ ಆಕಾಶಕ್ಕೇ ಹಾರ್ಸ್ತಿದ್ದ" ಅಂದ್ರು ಇವರು, ಭಾಳ ಅಭಿಮಾನಲೆ.

ನನಗ ಆವಾಗ ಹೊಳೀತು ನೋಡ್ರಿ. ಗಾರ್ಡ ಹೋಗೋತನಕ ಹಲ್ಲು ಕಚ್ಚಿ ಹಿಡಕೊಂಡಿದ್ದೆ. ಹೋದ ಮ್ಯಾಲ ಕೇಳಿದೆ, "ಅಲ್ರಿ, ಆಕಾಶಕ್ಕ ಹಾರ್ಸಲಿಕ್ಕ ಮಕ್ಕಿ ಯಾಕ ಬೇಕು? ಆಕಾಶ ಏನ್ ಗುರಿ ತಪ್ಪತದೇನು?"

"ನಿನಗ ಬಂದೂಕಿಂದು ತಿಳ್ಯಂಗಿಲ್ಲ" ಅಂದು ಮರುದಿನ ಮತ್ತ ಸೇಡಂ ಬಸ್ಸು ಹತ್ತಿದ್ರು.

ಒಡಕ ಗಡಿಗಿ

ಹಿತ್ತಾಳಿ ಮಕ್ಕಿ ಕೂತಿತು. ಈಗ ಅದು ಸೀದಾ ಅದನೋ ಇಲ್ಲೋ ನೋಡಬೇಕಲ್ಲ. ಹೊಲದಾಗ ಬೆದರುಗೊಂಬಿ ತಲಿಗಿ ಒಂದು ಒಡಕ ಗಡಿಗಿ ಇತ್ತು. ಅಣ್ಣಾತಮ್ಮರು ಸೇರಿ ಅದಕ್ಕ ಗುರಿ ಇಟ್ಟ್ರು. ಅತ್ತಿ, ನಾನು ಹಿಂದಿನ ಸಾಲಿನಾಗ ಕುರುಪಿಲೆ ಕಸಾ ತಗೀಲಿಕತ್ತಿದ್ವಿ. ಒಂದು ಹಾರ್ಸೋದು, ಉಳಿ ತಗೊಂಡು ಮಕ್ಕಿ ಎಡಕ್ಕ ಸರಸೋದು. ಇನ್ನೊಂದು ಹಾರ್ಸೋದು, ಬಲಕ್ಕ ಸರಸೋದು. ಹೊಗಿಯೊಳಗ ಇಬ್ಬರ ಮಾರೀನೂ ಹಂಚಿನಂಗ ಕರ್ರಗಾದ್ವು. ಗಡಿಗಿ ಮೊದಲಿನಂಗೇ ಇತ್ತು. ಹೊತ್ತು ಇಳೀಲಿಕ್ಕ ಬಂದಾಗ ಕಡಿ ಸಲ ಹಾರ್ಸಿದ್ರು, ಗಡಿಗಿ ಅಂಚು ಜರಾ ಹಾರಿತು. ಇಬ್ರೂ ಕುಣದಾಡಿದ್ರು.

ಆವಾಗೇ ಗುಡ್ಡದ ಕಡಿಂದ ಹಂದಿ ಇಳದ್ವು. ದೊಡ್ಡವು, ಸಣ್ಣವು, ಇಡೀ ಖಾನದಾನೇ. ಸೀದಾ ನನ್ನ ಶೇಂಗಾಕ್ಕ ಬಾಯಿ ಹಾಕಿದ್ವು.

"ಹಾರ್ಸ್ರಿ" ಅಂದೆ.

ಇವರು ಬಂದೂಕ ಎತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡದು ನಿಂತ್ರು. ಎಷ್ಟೊತ್ತಾದ್ರೂ ಸಪ್ಪಳಿಲ್ಲ.

"ಹಾರ್ಸ್ರೀ ಅಂದ್ರ."

"ಮದ್ದು ಮುಗದದ" ಅಂದ್ರು ಸಣ್ಣ ದನಿಲೆ. ಬಂದೂಕ ಮಾತ್ರ ಇಳಸಲಿಲ್ಲ. "ಆದ್ರ ಇಲ್ಲಿ ಬಂದು ನೋಡಬೇ, ಮಕ್ಕಿ ಈಗ ಎಷ್ಟು ಬರೋಬ್ಬರಿ ಕೂತದ."

ನಾ ಉತ್ತರ ಕೊಡ್ಲಿಕ್ಕ ನಿಂದರಲಿಲ್ಲ. ಅತ್ತಿ ಆಗಲೇ ರೊಟ್ಟಿ ಬುಟ್ಟಿಯೊಳಗಿನ ತಾಟು ತಗದು ಕುರುಪಿಲೆ ಬಡೀಲಿಕತ್ತಿದ್ರು. ನಾ ನೀರಿನ ಕೊಡಾ ಬೋರಲ ಹಾಕಿ ಬಡದೆ. ಬಾಯಿಗಿ ಬಂದ ಬೈಗಳೆಲ್ಲಾ ಬೈದೆ, ಹಂದಿಗಿ ಎಷ್ಟೋ, ಇವರಿಗಿ ಎಷ್ಟೋ, ಈಗ ನೆನಪಿಲ್ಲ. ಹಂದಿ ಬಿದ್ದು ಎದ್ದು ಗುಡ್ಡ ಏರಿದ್ವು. ಒಂದು ಸಾಲು ಹೋತು, ಉಳದ ಶೇಂಗಾ ಉಳೀತು. ಅವತ್ತಿಂದ ಕಾಯಿ ಕೀಳೋತನಕ ದಿನಾ ಸಂಜಿಗಿ ಅತ್ತಿ, ನಾನು, ತಾಟು, ಕೊಡ.

ಬೆಳಿ ಭಾಳ ಚಂದ ಬಂತು. ಮೊದಲನೇ ದಿನ ಹಸಿ ಶೇಂಗಾ ಉಪ್ಪು ಹಾಕಿ ಕುದಿಸಿ ಎಲ್ಲಾರ ಮುಂದ ಇಟ್ಟೆ. ಮೈದುನ ಬಂದಿದ್ದ, ಆಜೂಬಾಜೂದವರೂ ಬಂದಿದ್ರು. ನನ್ನ ಕಿವಿ ಇವರ ಬಾಯಿ ಕಡೀನೇ ಇತ್ತು. ಈ ಸಲ ಆ ಮಾತು ಅನ್ನಲಿಕ್ಕ ಜಾಗಾ ಇಲ್ಲಲ್ಲ ಅಂತ ಒಳಗೊಳಗ ಹಿಗ್ಗಿಕೋತ ನಿಂತಿದ್ದೆ.

ಇವರು ಒಂದು ಕಾಯಿ ಸುಲದು ಬಾಯಿಗಿ ಹಾಕೊಂಡ್ರು, ಇನ್ನೊಂದು ಹಾಕೊಂಡ್ರು, ಮಂದಿ ಕಡಿ ತಿರಗಿ ತಲಿ ಅಲ್ಲಾಡ್ಸಿದ್ರು.

"ನಾ ಮೊದಲೇ ಹೇಳಿದ್ದಿಲ್ಲೇನು, ಈ ಹೊಲಕ್ಕ ಶೇಂಗಾನೇ ಹಾಕಬೇಕು ಅಂತ."

ನಾ ಮೂಲ್ಯಾಗಿನ ಬಂದೂಕ ನೋಡಿದೆ. ಪ್ರಾಣಿ ಮ್ಯಾಲ ಹಾರ್ಸಬ್ಯಾಡ್ರಿ ಅಂತ ಅಷ್ಟೇ ಹೇಳಿದ್ದ ಗಾರ್ಡ, ಗಂಡಂದೇನೂ ಹೇಳಿದ್ದಿಲ್ಲ. ಮದ್ದು ಮುಗದಿತ್ತು, ಅವರ ಪುಣ್ಯ.