ಸೀಸೆ ತುಂಬಿದ ಪರೋಪಕಾರ

ಮುರುಮ ಊರಿನ ಪೂಜಾರಿ ಮಡಿವಾಳಯ್ಯನವರಿಗೆ ಇಲ್ಲ ಅನ್ನಲು ಬಾರದು. ಪಾಪ, ಅವರು ಹಾಳಾದದ್ದೇ ಅದರಿಂದ.

ನಿಜಾಮನ ಆಳ್ವಿಕೆ ಹೋಗಿ ಹೊಸ ಸರಕಾರ ಬಂದಿತ್ತು. ದಿಗಂಬರ ಎಂಬ ಸರಕಾರಿ ಡಾಕ್ಟರು ಊರಿಗೆ ಬಂದು ಮನೆಗೊಂದು ಸೀಸೆ ಹಂಚಿದರು. ಬೆಳಿಗ್ಗೆ ಮನೆಯ ಹೆಂಗಸು ಅದರಲ್ಲಿ ತನ್ನ ಮೂತ್ರ ಹಿಡಿದು ಕೊಡಬೇಕು. ಈಗ ಎಷ್ಟು ಜನಕ್ಕೆ ಸಕ್ಕರೆ ಬೇನೆ ಇದೆ ಎಂದು ನೋಡಿ, ಇಪ್ಪತ್ತು ವರ್ಷಕ್ಕೆ ದೇಶದಲ್ಲಿ ಎಷ್ಟು ಜನಕ್ಕೆ ಬಂದೀತು ಎಂದು ಅಂದಾಜು ಕಟ್ಟುವುದು ಅವರ ಕೆಲಸ.

ಹೊತ್ತು ಮೂಡುವ ಮೊದಲೇ ಊರಿನ ರೈತ ರೇವಣಪ್ಪನ ಹೆಂಡತಿ ಸರುಬಾಯಿ ಸೆರಗಿನಲ್ಲಿ ಸೀಸೆ ಮುಚ್ಚಿಕೊಂಡು ಅಯ್ಯನವರ ಹಿತ್ತಲ ಬಾಗಿಲಿಗೆ ಬಂದಳು.

"ಅಯ್ಯನೋರೆ, ನಮ್ಮ ಮನಿ ಲಗ್ನ, ಪೂಜಿ ಎಲ್ಲಾ ನೀವೇ ಮಾಡೀರಿ. ನಾಚಿಕಿ ಬರತದ್ರೀ, ಇದೊಂದೂ ನೀವೇ ಮಾಡಿಕೊಡ್ರಿ. ಯಾರಿಗೂ ಹೇಳಬ್ಯಾಡ್ರಿ. ಸಂಜಿಗಿ ಮೊಮ್ಮಗನ ತೊಟ್ಟಿಲಾ ಅದ, ಹೋಳಿಗಿ ಮಾಡತೀನಿ."

ಹೋಳಿಗೆ ಎಂದ ಮೇಲೆ ಮುಗಿಯಿತು. ಆಕೆಯ ಹಿಂದೆಯೇ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ, ಕದ್ದು ಕದ್ದು ಬಂದರು. ಪ್ರತಿಯೊಬ್ಬಳೂ ತಾನೊಬ್ಬಳೇ ಬಂದೆ ಎಂದುಕೊಂಡಳು. ಅಯ್ಯನವರಿಗೂ ಅದು ಭಾರವಾಗಲಿಲ್ಲ. ಈಚೆಗೆ ಕೊಡ ನೀರು ಕುಡಿದರೂ ಗಂಟಲು ಒಣಗುತ್ತಿತ್ತು, ಗಳಿಗೆಗೊಮ್ಮೆ ಹಿತ್ತಲಿಗೆ ಓಡುವುದು ಇದ್ದೇ ಇತ್ತು. ಮಧ್ಯಾಹ್ನದೊಳಗೆ ಊರಿನ ಸೀಸೆಗಳೆಲ್ಲ ತುಂಬಿದವು.

ಇಳಿಹೊತ್ತಿಗೆ ರೇವಣಪ್ಪನ ಕಟ್ಟೆಯ ಮೇಲೆ ಡಾಕ್ಟರು ನೀಲಿ ಔಷಧ ಬೆರೆಸಿ ಕಾಯಿಸಿದರು. ಸಕ್ಕರೆ ಇದ್ದರೆ ಇಟ್ಟಿಗೆಯಂತೆ ಕೆಂಪಾಗುತ್ತದೆ. ಒಂದೂ ಬಿಡದೆ ಎಲ್ಲವೂ ಕೆಂಪಾದವು.

"ಅರೆ ದೇವಾ!" ಡಾಕ್ಟರು ಕೂಗಿದರು. "ಊರಾಗ ಒಂದ್ ಮನೀನೂ ಉಳಿದಿಲ್ಲ. ಹಿಂಗೇ ಆದ್ರ ಇಪ್ಪತ್ತು ವರ್ಷಕ್ಕ ದೇಶಕ್ಕ ದೇಶಾನೇ ಹಾಸಿಗಿ ಹಿಡೀತದ. ಹೊಲಾ ಮಾಡಾವ್ರು ಯಾರು, ಹೆಣಾ ಹೊರಾವ್ರು ಯಾರು? ಇವತ್ತಿನಿಂದ ಬೆಲ್ಲಾ ಬಂದ್!"

ಓಣಿಯಲ್ಲಿ ಅಳು ಎದ್ದಿತು. ಸೀಸೆಯಲ್ಲಿದ್ದದ್ದು ತನ್ನದಲ್ಲದಿದ್ದರೂ ಊರಿಗೇ ಬಂದದ್ದು ತನಗೆ ಬಿಟ್ಟೀತೇ ಎಂದು ಹೆಂಗಸರೂ ಅತ್ತರು. ಸರುಬಾಯಿ ಹೂರಣದ ಪಾತೇಲಿ ತಂದು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯಲು ಎತ್ತಿದಳು. ಅಯ್ಯನವರ ಎದೆ ಒಡೆಯಿತು.

"ತಡೀ ಸರುಬಾಯಿ, ಸುರೀಬ್ಯಾಡ! ಡಾಕ್ಟರ್ ಸಾಹೇಬ್ರ, ಊರಿಗಿ ಏನೂ ಆಗಿಲ್ರೀ. ಅಷ್ಟೂ ಸೀಸೇದಾಗಿಂದು ನಂದೇ!"

ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಊರು ನಕ್ಕಿದ್ದೇ ನಕ್ಕಿದ್ದು. ಪಾತೇಲಿ ಅಡುಗೆಮನೆಗೆ ಮರಳಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಯ್ಯನವರು. ನಗದೆ ನಿಂತವರು ಡಾಕ್ಟರೊಬ್ಬರೇ. ಅವರು ರೇವಣಪ್ಪನ ಕಿವಿಯಲ್ಲಿ ಏನೋ ಹೇಳಿ ಹೋದರು.

ಸಂಜೆ ತೊಟ್ಟಿಲ ಊಟಕ್ಕೆ ಪಂಕ್ತಿ ಕುಳಿತಿತು. ಅಯ್ಯನವರು ಮೊದಲ ತುತ್ತು ಎತ್ತದೆ ಯಾರೂ ಉಣ್ಣುವಂತಿಲ್ಲ. ಎಲ್ಲರ ಎಲೆಗೂ ಹೋಳಿಗೆ, ಮೇಲೆ ತುಪ್ಪ. ಅಯ್ಯನವರ ಎಲೆಗೆ ಒಣ ರೊಟ್ಟಿ, ಹಾಗಲಕಾಯಿ ಪಲ್ಯ.

"ರೇವಣಪ್ಪಾ, ಇದೇನೋ?" ಅಯ್ಯನವರು ಪಕ್ಕದ ಎಲೆಯತ್ತ ಕಣ್ಣು ಹಾಯಿಸಿ ಕೇಳಿದರು.

"ನೀವು ಉಳೀಬೇಕ್ರೀ ಅಯ್ಯನೋರೆ," ರೇವಣಪ್ಪ ಕೈಮುಗಿದ. "ಊರಾಗ ಎಲ್ಲಾ ಮನಿಗೂ ಹೇಳೀನಿ, ಮಗ್ಗಲ ಊರು ಉಮರ್ಗಾಕ್ಕೂ ಹೇಳಿ ಕಳಸೀನಿ. ಇನ್ನ ಸಾಯೂತನಾ ನಿಮಗ ಯಾರೂ ಸಿಹಿ ನೀಡಂಗಿಲ್ಲ. ಲಗೂ ಸುರು ಮಾಡ್ರಿ, ಹೋಳಿಗಿ ಆರತಾವ."

ಇನ್ನು ಬದುಕಿ ಏನು ಮಾಡುವುದು ಎನಿಸಿತು ಅವರಿಗೆ. ಪಂಕ್ತಿಯೆಲ್ಲ ಅವರ ಕೈಯನ್ನೇ ನೋಡುತ್ತಿತ್ತು. ಮಡಿವಾಳಯ್ಯನವರಿಗೆ ಇಲ್ಲ ಅನ್ನಲು ಬಾರದು. ಹಾಗಲಕಾಯಿ ಬಾಯಿಗಿಟ್ಟರು.